ಪಲ್ಪರ್ ನೀರಿಗೊಂದು ಹಸುವಿನ ಹೊಟ್ಟೆ

ನಮ್ಮ ತೋಟದ ಕೆಳಗೆ ಒಂದು ಹಳ್ಳ ಇದೆ. ಮುಂದೆ ಹೋಗಿ ಹೇಮಾವತಿಗೆ ಸೇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ತಿಳಿ ನೀರು. ಡಿಸೆಂಬರಿನಲ್ಲಿ ಮಾತ್ರ ಡಿಕಾಕ್ಷನ್ ಬಣ್ಣ. ನಾನು ಅರಸೀಕೆರೆ ಕಡೆಯಿಂದ ಮೂಡಿಗೆರೆ ತಾಲ್ಲೂಕಿಗೆ ಸೊಸೆಯಾಗಿ ಬಂದವಳು. ನಮ್ಮೂರಲ್ಲಿ ತೆಂಗು, ರಾಗಿ. ಕಾಫಿ ಅಂದರೆ ಲೋಟದಲ್ಲಿ ಇರುವುದು ಅಷ್ಟೇ ಗೊತ್ತಿತ್ತು. ಹಾಗಾಗಿ ಇಲ್ಲಿನ ಹಳ್ಳ ಚಳಿಗಾಲದಲ್ಲಿ ಕಪ್ಪಾಗುವುದೇ ಪದ್ಧತಿ ಅಂದುಕೊಂಡಿದ್ದೆ.

ಒಂದು ದಿನ ಕೆಳಗಿನ ಗದ್ದೆಯ ಅಣ್ಣ ಬಂದು ಜಗಲಿಯಲ್ಲಿ ಕೂತರು. ಕಾಫಿ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, "ಅಕ್ಕಾ, ನಮ್ಮ ಎಮ್ಮೆ ಹಳ್ಳಕ್ಕೆ ಮೂತಿ ಇಡ್ತಿಲ್ಲ. ನೀವೊಂದ್ಸಲ ಬಂದು ಮೂಸಿ ನೋಡಿ ಮಾರಾಯ್ತಿ" ಅಂದರು. ಜಗಳದ ದನಿ ಅಲ್ಲ, ಅದಕ್ಕೇ ಜಾಸ್ತಿ ನಾಚಿಕೆಯಾಯಿತು. ಹೋಗಿ ಮೂಸಿ ನೋಡಿದೆ. ಹಳಸಿದ ಗಂಜಿಗೆ ಕೊಳೆತ ಮೊಟ್ಟೆ ಒಡೆದು ಹಾಕಿದ ಹಾಗಿತ್ತು. ಕಲ್ಲಿನ ಸಂದಿಯಲ್ಲಿ ಎರಡು ಏಡಿ ಸತ್ತು ಬಿದ್ದಿದ್ದವು.

ಅದು ನಮ್ಮ ಕಾಫಿ ಹಣ್ಣು ತೊಳೆದ ನೀರು. ಆಮೇಲೆ ಆ ನೀರಿಗೆಂದು ನಾವು ಗೋಬರ್ ಗ್ಯಾಸ್ ಗುಂಡಿ ಕಟ್ಟಿದ್ದು, ಕೆಡಿಸಿಕೊಂಡದ್ದು, ಸರಿ ಮಾಡಿಕೊಂಡದ್ದು ಎಲ್ಲ ಇಲ್ಲಿದೆ. ನಮ್ಮದು ಆರು ಎಕರೆ. ಅದರಲ್ಲಿ ನಾಲ್ಕು ಎಕರೆ ಅರೇಬಿಕಾ, ಉಳಿದದ್ದು ರೊಬಸ್ಟಾ. ಅರೇಬಿಕಾ ಹಣ್ಣು ಮಾತ್ರ ಪಲ್ಪಿಂಗ್ ಮಾಡುತ್ತೇವೆ, ಅಂದರೆ ಪಲ್ಪರ್ ಅನ್ನುವ ಯಂತ್ರದಲ್ಲಿ ನೀರು ಬಿಟ್ಟು ಸಿಪ್ಪೆ ಬಿಡಿಸುತ್ತೇವೆ. ರೊಬಸ್ಟಾವನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತೇವೆ. ಇಷ್ಟೇ ಅಳತೆಯ ತೋಟದವರಿಗೆ ಈ ಲೆಕ್ಕ ಹೆಚ್ಚು ಕಡಿಮೆ ಹೊಂದುತ್ತದೆ. ದೊಡ್ಡ ಎಸ್ಟೇಟಿನವರ ದಾರಿ ಬೇರೆ, ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಆ ನೀರಿನಲ್ಲಿ ಏನಿದೆ

ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಸುತ್ತ ಲೋಳೆ ಉಳಿಯುತ್ತದೆ. ತೊಟ್ಟಿಯಲ್ಲಿ ಹುಳಿ ಬರಿಸಿ, ತೊಳೆದು ಆ ಲೋಳೆ ತೆಗೆದರೆ ಉಳಿಯುವ ಬೀಜವೇ ಪಾರ್ಚ್‌ಮೆಂಟ್. ಲೋಳೆಯಲ್ಲಿ ಇರುವುದು ಸಕ್ಕರೆ ಮತ್ತು ಪೆಕ್ಟಿನ್ ಅನ್ನುವ ಅಂಟು. ವಿಷ ಏನೂ ಇಲ್ಲ, ಮಕ್ಕಳು ಹಣ್ಣು ಕಿತ್ತು ಚೀಪುತ್ತಾರಲ್ಲ, ಅದೇ ಸಿಹಿ. ಹಾಗಾದರೆ ಏಡಿ ಯಾಕೆ ಸತ್ತವು? ಹಳ್ಳದಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಆ ಸಕ್ಕರೆಗೆ ಮುಗಿಬೀಳುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೀನು, ಏಡಿಗೆ ಉಸಿರು ಕಟ್ಟುತ್ತದೆ.

ಈ ಆಮ್ಲಜನಕದ ಹಸಿವನ್ನು ಅಳೆಯುವುದಕ್ಕೆ ಬಿಒಡಿ ಅನ್ನುತ್ತಾರೆ. ಪೇಟೆಯ ಚರಂಡಿ ನೀರಿನ ಬಿಒಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ಪಲ್ಪಿಂಗ್ ನೀರಿನದ್ದು ಸಾವಿರಗಳಲ್ಲಿ. ಅಂದರೆ ನಾವು ಶುದ್ಧ ಮಲೆನಾಡಿನಲ್ಲಿ ಕೂತು ಚರಂಡಿಗಿಂತ ಹತ್ತಾರು ಪಟ್ಟು ಕೆಟ್ಟ ನೀರು ಹಳ್ಳಕ್ಕೆ ಬಿಡುತ್ತಿದ್ದೆವು. ಹೇಮಾವತಿ ಇಲ್ಲಿಂದ ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟಿಗೆ ಹೋಗುತ್ತದೆ. ಹಾಸನ ಕಡೆಯ ನೆಂಟರ ಮನೆಯಲ್ಲಿ ನೀರು ಕುಡಿಯುವಾಗ ನನಗೆ ಈಗಲೂ ಇದು ನೆನಪಾಗುತ್ತದೆ.

ಮೊದಲು ನೀರು ಕಡಿಮೆ ಮಾಡಿ

ಗುಂಡಿ ತೋಡುವ ಮೊದಲು ಈ ಕೆಲಸ. ನಾವು ಇದನ್ನು ಹಿಂದುಮುಂದು ಮಾಡಿ ಒಂದು ವರ್ಷ ಕಳೆದುಕೊಂಡೆವು.

ಹಳೇ ಪದ್ಧತಿಯಲ್ಲಿ ಪಲ್ಪರ್ ಮೇಲೆ ಪೈಪ್ ಬಿಟ್ಟರೆ ಬಿಟ್ಟ ಹಾಗೇ. ಒಂದು ಕೆಜಿ ಹಣ್ಣಿಗೆ ಹತ್ತು ಲೀಟರಿಗಿಂತ ಜಾಸ್ತಿ ಖರ್ಚಾಗುವುದು ಮಾಮೂಲು. ಸಿಪ್ಪೆಯನ್ನೂ ಅದೇ ನೀರು ಹೊತ್ತುಕೊಂಡು ಹೋಗುತ್ತಿತ್ತು. ಈಗ ಮೂರು ಬದಲಾವಣೆ ಮಾಡಿದ್ದೇವೆ. ಪಲ್ಪರ್ ಕೆಳಗೆ ಓರೆಯಾಗಿ ಜಾಲರಿ ಇಟ್ಟಿದ್ದೇವೆ, ಸಿಪ್ಪೆ ಮೇಲೆ ನಿಲ್ಲುತ್ತದೆ, ನೀರು ಕೆಳಗೆ ಇಳಿಯುತ್ತದೆ. ಇಳಿದ ನೀರನ್ನು ಸಣ್ಣ ಪಂಪಿನಲ್ಲಿ ಮತ್ತೆ ಪಲ್ಪರ್ ಮೇಲಕ್ಕೇ ಕೊಡುತ್ತೇವೆ, ಆ ದಿನದ ಹಣ್ಣು ಮುಗಿಯುವವರೆಗೆ ಅದೇ ನೀರು. ಬೀಜ ತೊಳೆಯುವ ಕೊನೇ ನೀರು ಮಾತ್ರ ಹೊಸದು. ಈಗ ಕೆಜಿ ಹಣ್ಣಿಗೆ ಸುಮಾರು ಮೂರು ಲೀಟರಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ದಿನಕ್ಕೆ 500 ಕೆಜಿ ಹಣ್ಣು ಬಂದರೆ 1,500 ಲೀಟರ್ ಕೊಳೆ ನೀರು. ಮೊದಲಾದರೆ ಅದೇ ಐದಾರು ಸಾವಿರ ಲೀಟರ್ ಆಗುತ್ತಿತ್ತು. ಅಷ್ಟು ನೀರಿಗೆ ಗುಂಡಿ ತೋಡಲು ಹೊರಟರೆ ತೋಟವೇ ಗುಂಡಿ.

ಒಂದೇ ನೀರು ಮತ್ತೆ ಮತ್ತೆ ತಿರುಗಿಸಿದರೆ ಕಾಫಿ ರುಚಿ ಕೆಡುವುದಿಲ್ವಾ ಅಂತ ಕೇಳುತ್ತಾರೆ. ಒಂದು ದಿನದ ಮಟ್ಟಿಗೆ ತೊಂದರೆ ಇಲ್ಲ. ಮಾರನೇ ದಿನಕ್ಕೆ ಇಟ್ಟುಕೊಂಡರೆ ಹುಳಿ ವಾಸನೆ ಬೀಜಕ್ಕೆ ಹತ್ತುತ್ತದೆ. ಸಂಜೆಗೆ ಖಾಲಿ ಮಾಡಲೇಬೇಕು.

ಸಿಪ್ಪೆ ಹಣ್ಣಿನ ತೂಕದಲ್ಲಿ ಶೇಕಡಾ 40ರಷ್ಟು ಬರುತ್ತದೆ. ಅದನ್ನು ಗ್ಯಾಸ್ ಗುಂಡಿಗೆ ಹಾಕಬೇಡಿ, ಪೈಪ್ ಕಟ್ಟುತ್ತದೆ. ಸಗಣಿ, ತರಗೆಲೆ ಸೇರಿಸಿ ರಾಶಿ ಹಾಕಿ, ತಿಂಗಳಿಗೊಮ್ಮೆ ತಿರುವಿದರೆ ಮುಂಗಾರಿನ ಹೊತ್ತಿಗೆ ಗೊಬ್ಬರ. ಅಷ್ಟೇ ಅದರ ಕಥೆ.

ಹಲಸಿನ ಹಣ್ಣು ತಿಂದ ಗಂಗೆ

ಇನ್ನು ಗುಂಡಿಯ ಹೊಟ್ಟೆಯ ವಿಷಯ. ಇದು ಅರ್ಥವಾದರೆ ಮುಂದಿನದ್ದೆಲ್ಲ ಸುಲಭ.

ಗಾಳಿ ಆಡದ ಗುಂಡಿಯಲ್ಲಿ ಕೊಳೆ ನೀರು ಹಾಕಿದರೆ ಅಲ್ಲಿ ಎರಡು ಗುಂಪಿನ ಜೀವಿಗಳು ಕೆಲಸ ಮಾಡುತ್ತವೆ. ಮೊದಲ ಗುಂಪು ಸಕ್ಕರೆಯನ್ನು ಒಡೆದು ಹುಳಿ ಮಾಡುತ್ತದೆ. ಇವು ಬಲು ಚುರುಕು, ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಎರಡನೇ ಗುಂಪು ಆ ಹುಳಿಯನ್ನು ತಿಂದು ಮೀಥೇನ್ ಗ್ಯಾಸ್ ಬಿಡುತ್ತದೆ. ಇವು ನಿಧಾನದವು, ದುಪ್ಪಟ್ಟಾಗಲು ದಿನಗಟ್ಟಲೆ ಬೇಕು. ಹುಳಿ ಜಾಸ್ತಿಯಾದರೆ ಸುಮ್ಮನಾಗಿಬಿಡುತ್ತವೆ. ಹುಳಿಯನ್ನು ಅಳೆಯುವುದು ಪಿಹೆಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಇವಕ್ಕೆ ಹಿಡಿಸುವ ಪಿಹೆಚ್ 6.8ರಿಂದ 7.4. ಆರಕ್ಕಿಂತ ಕೆಳಗೆ ಇಳಿದರೆ ಕೆಲಸ ನಿಂತ ಹಾಗೇ. ಪಲ್ಪಿಂಗ್ ನೀರು ರಾತ್ರಿ ಕಳೆಯುವುದರೊಳಗೆ ನಾಲ್ಕರ ಹತ್ತಿರ ಬಂದಿರುತ್ತದೆ.

ಇಂಥ ಎರಡು ಗುಂಪು ಹಸುವಿನ ಹೊಟ್ಟೆಯಲ್ಲೂ ಇವೆ. ಹಸು ಮೆಲುಕು ಹಾಕುತ್ತಾ ತೇಗುತ್ತದಲ್ಲ, ಆ ತೇಗಿನಲ್ಲಿ ಇರುವುದೂ ಮೀಥೇನೇ. ಸಗಣಿಯಲ್ಲಿ ಆ ಜೀವಿಗಳು ಹೊರಗೆ ಬರುತ್ತವೆ. ಅದಕ್ಕೇ ಗುಂಡಿ ಶುರು ಮಾಡಲು ಸಗಣಿಗಿಂತ ಒಳ್ಳೆಯದು ಬೇರೆ ಇಲ್ಲ.

ನಮ್ಮ ಮೊದಲ ವರ್ಷದ ಕಥೆ ಕೇಳಿ. ದೀಪಾವಳಿಗೆ ಸಗಣಿಯಿಂದ ಗ್ಯಾಸ್ ಚೆನ್ನಾಗಿ ಬರುತ್ತಿತ್ತು. ಪಲ್ಪಿಂಗ್ ಶುರುವಾದ ದಿನವೇ ನಮ್ಮನೆಯವರು ಆ ದಿನದ ನೀರನ್ನೆಲ್ಲ ಒಟ್ಟಿಗೆ ಒಳಗೆ ಬಿಟ್ಟರು. ಎರಡು ದಿನ ಗ್ಯಾಸ್ ಭರ್ಜರಿ. ನಾನೂ ಹಿಗ್ಗಿದೆ. ಮೂರನೇ ದಿನ ಒಲೆ ಹತ್ತಲೇ ಇಲ್ಲ. ಗ್ಯಾಸ್ ಇದೆ, ಸುಯ್ ಅನ್ನುತ್ತದೆ, ಕಡ್ಡಿ ಹಿಡಿದರೆ ಕಡ್ಡಿಯೇ ಆರುತ್ತದೆ. ಬಂದದ್ದೆಲ್ಲ ಇಂಗಾಲದ ಡೈಆಕ್ಸೈಡ್. ಗುಂಡಿಯ ಹೊರಬಾಯಿಯಿಂದ ಬರುವ ಬಗ್ಗಡ ವಿನೆಗರ್ ವಾಸನೆ ಹೊಡೆಯುತ್ತಿತ್ತು.

ನಮ್ಮತ್ತೆ ಕೋಲೂರಿಕೊಂಡು ಬಂದು ಗುಂಡಿಯ ಹತ್ತಿರ ನಿಂತು ಮೂಸಿದರು. "ಇದು ಗಂಗೆ ಹಲಸಿನ ಹಣ್ಣು ತಿಂದಂಗೆ ಆಗಿದೆ ಕಣೇ" ಅಂದರು. ಆ ಜೂನಿನಲ್ಲಿ ನಮ್ಮ ಹಸು ಗಂಗೆ ಹಗ್ಗ ಬಿಚ್ಚಿಕೊಂಡು ಹೋಗಿ ಮರದ ಕೆಳಗೆ ಬಿದ್ದ ಹಲಸನ್ನೆಲ್ಲ ತಿಂದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಪಶು ವೈದ್ಯರು ಬಂದು, ಸಿಹಿ ಒಮ್ಮೆಲೇ ಹೋಗಿ ಹೊಟ್ಟೆ ಹುಳಿಯಾಗಿದೆ ಅಂತ ಸೋಡಾ ಪುಡಿ ಕುಡಿಸಿ, ಎರಡು ದಿನ ಬರೀ ಒಣ ಹುಲ್ಲು ಕೊಡಿ ಅಂದಿದ್ದರು. ಅತ್ತೆ ಕೇಳಿದರು, "ಇದಕ್ಕೂ ಸೋಡಾ ಹಾಕಿದ್ರೆ ಆಗಲ್ವಾ?"

ನಾನು ನಕ್ಕೆ. ಆಮೇಲೆ ಓದಿ ನೋಡಿದರೆ ಹುಳಿಯಾದ ಗುಂಡಿಗೆ ಸೋಡಿಯಂ ಬೈಕಾರ್ಬನೇಟ್, ಅಂದರೆ ಅದೇ ಅಡುಗೆ ಸೋಡಾ, ಹಾಕುವುದು ಲೋಕದಲ್ಲೆಲ್ಲ ರೂಢಿ! ದಿನಕ್ಕೆ ಒಂದು ಕೆಜಿಯಂತೆ ಐದು ದಿನ ನೀರಿನಲ್ಲಿ ಕರಗಿಸಿ ಹಾಕಿದೆವು. ಪಲ್ಪಿಂಗ್ ನೀರು ಒಂದು ತೊಟ್ಟೂ ಇಲ್ಲ, ದಿನಾ ಎರಡು ಬುಟ್ಟಿ ಸಗಣಿ ಅಷ್ಟೇ. ಹದಿನೈದನೇ ದಿನ ಒಲೆ ಹತ್ತಿತು. ಸೋಡಾ ಎಷ್ಟು ಕೆಲಸ ಮಾಡಿತೋ, ಉಪವಾಸ ಎಷ್ಟು ಮಾಡಿತೋ ದೇವರಿಗೇ ಗೊತ್ತು. ಅತ್ತೆಯಂತೂ ಇವತ್ತಿಗೂ ಸೋಡಾ ಅಂತಲೇ ಹೇಳುವುದು.

ಗುಂಡಿ ಎಂಥದ್ದು, ಎಷ್ಟು ದೊಡ್ಡದು

ನಮ್ಮದು ದೀನಬಂಧು ಮಾದರಿ. 1984ರಲ್ಲಿ ಬಂದದ್ದು. ಪೂರ್ತಿ ಇಟ್ಟಿಗೆ, ನೆಲದ ಒಳಗೆ, ಮೇಲೆ ಗುಮ್ಮಟ. ಕಬ್ಬಿಣದ ಡ್ರಮ್ ತೇಲುವ ಹಳೇ ಮಾದರಿಯೂ ಇದೆ. ಆದರೆ ನಮ್ಮ ಮಳೆಗೆ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ ಹೇಳಿ? ಜೊತೆಗೆ ಡಿಸೆಂಬರಿನ ಚಳಿ. ಈ ಜೀವಿಗಳಿಗೆ 30ರಿಂದ 37 ಡಿಗ್ರಿ ಇಷ್ಟ. ನೆಲದೊಳಗಿನ ಗುಮ್ಮಟಕ್ಕೆ ರಾತ್ರಿಯ ಚಳಿ ಅಷ್ಟಾಗಿ ತಟ್ಟುವುದಿಲ್ಲ. ನಾವು ಚಳಿಗಾಲದಲ್ಲಿ ಗುಮ್ಮಟದ ಮೇಲೆ ಹುಲ್ಲು ಹೊದಿಸುತ್ತೇವೆ.

ಅಳತೆ ದಿನಕ್ಕೆ 6 ಘನ ಮೀಟರ್ ಗ್ಯಾಸಿನದ್ದು. ಐದು ದನಗಳ ಮನೆಗೆ ಇದು ದೊಡ್ಡದು. ಮೂರು ಮಲೆನಾಡು ಗಿಡ್ಡ, ಎರಡು ಮಿಶ್ರತಳಿ, ಎಲ್ಲ ಸೇರಿ ದಿನಕ್ಕೆ 45 ಕೆಜಿ ಸಗಣಿ. ಸಗಣಿಗೆ ಮಾತ್ರ ಆದರೆ 2 ಘನ ಮೀಟರಿನದ್ದು ಸಾಕಿತ್ತು. ಎಲ್ಲರೂ ಹೇಳಿದರು, ಇಷ್ಟು ದೊಡ್ಡದು ಯಾಕೆ ಅಂತ. ಪಲ್ಪಿಂಗ್ ನೀರಿಗೆ ಜಾಗ ಬೇಕಲ್ಲ! ವಾರಕ್ಕೆ ಮೂರು ದಿನ ಪಲ್ಪಿಂಗ್, ದಿನಕ್ಕೆ 1,500 ಲೀಟರ್, ಒಟ್ಟು 4,500. ಅದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 600 ಲೀಟರ್ ಚಿಲ್ಲರೆ. ಒಳಗೆ 12,000 ಲೀಟರಿನಷ್ಟು ಬಗ್ಗಡ ಹಿಡಿದರೆ, ಹಾಕಿದ ನೀರು ಸುಮಾರು ಇಪ್ಪತ್ತು ದಿನ ಒಳಗೇ ಇರುತ್ತದೆ. ಬರೀ ಸಗಣಿಗೆ 40 ದಿನ ಬೇಕು. ಲೋಳೆ ನೀರು ಬೇಗ ಕರಗುವ ಊಟ, ಇಪ್ಪತ್ತು ದಿನ ಸಾಕು.

ಗುಮ್ಮಟ ಕಟ್ಟುವುದನ್ನು ಓದಿ ಕಲಿಯಲು ಆಗುವುದಿಲ್ಲ. ಈ ಕೆಲಸದಲ್ಲಿ ಪಳಗಿದ ಗಾರೆಯವರನ್ನೇ ಕರೆಸಿ. ಕೂಲಿ ಜಾಸ್ತಿ ಕೇಳಿದರೂ ಕೊಡಿ. ಒಳಗಿನ ಗಾರೆ ಪದರ ಪದರವಾಗಿ ಬರಬೇಕು, ಕೂದಲೆಳೆ ಬಿರುಕು ಇದ್ದರೂ ಗ್ಯಾಸ್ ಹೋಗುತ್ತದೆ. ಜಾಗ ಪಲ್ಪರ್‌ಗಿಂತ ತಗ್ಗಿನಲ್ಲಿ ಇರಲಿ, ಬಾವಿಯಿಂದ 15 ಮೀಟರ್ ಆದರೂ ದೂರ ಇರಲಿ, ಬಿಸಿಲು ಬೀಳಲಿ, ಸಿಲ್ವರ್ ಓಕ್ ಅಥವಾ ಅತ್ತಿ ಮರದ ಬುಡ ಬೇಡ. ಸಹಾಯಧನ ಬೇಕಿದ್ದರೆ ಕಟ್ಟುವ ಮೊದಲೇ ಕೃಷಿ ಇಲಾಖೆ, ಪಂಚಾಯಿತಿಯಲ್ಲಿ ಕೇಳಿ. ಕಟ್ಟಿ ಮುಗಿಸಿ ಹೋದರೆ ಕಾಗದದವರು ಒಪ್ಪುವುದಿಲ್ಲ.

ಗುಂಡಿಯ ಜೊತೆಗೆ ಇನ್ನೊಂದು ಬೇಕು. ಪಲ್ಪರ್ ಮತ್ತು ಗುಂಡಿಯ ನಡುವೆ ಒಂದು ಕಾಯುವ ತೊಟ್ಟಿ. ನಮ್ಮದು 5,000 ಲೀಟರ್ ಹಿಡಿಯುತ್ತದೆ, ಎರಡು ಭಾಗ. ಮೊದಲ ವರ್ಷ ಇದು ಇರಲಿಲ್ಲ, ಅದಕ್ಕೇ ಹಲಸಿನ ಕಥೆ ಆದದ್ದು.

ಹೆಪ್ಪು ಹಾಕುವುದು

ಪಲ್ಪಿಂಗ್ ಶುರುವಾಗುವುದು ನವೆಂಬರ್ ಕೊನೆಗೆ. ಗುಂಡಿಗೆ ಹೆಪ್ಪು ಹಾಕಬೇಕಾದ್ದು ಗೌರಿ ಹಬ್ಬದ ಹೊತ್ತಿಗೆ. ನವೆಂಬರಿನಲ್ಲಿ ಶುರು ಮಾಡಿ ಡಿಸೆಂಬರಿನಲ್ಲಿ ಕೊಳೆ ನೀರು ಬಿಟ್ಟರೆ, ನಿನ್ನೆ ಹುಟ್ಟಿದ ಕರುವಿಗೆ ಹಿಂಡಿ ತಿನ್ನಿಸಿದ ಹಾಗೆ.

ಸಗಣಿ ಒಂದು ಪಾಲು, ನೀರು ಒಂದು ಪಾಲು. ಕೈ ಹಾಕಿ ಕಲಸಿ, ದೋಸೆ ಹಿಟ್ಟಿನ ಹದ ಬರಲಿ. ಕಲ್ಲು, ನಾರು, ಕೊಟ್ಟಿಗೆಯ ಸೊಪ್ಪು ತೆಗೆದುಬಿಡಿ. ಮಲೆನಾಡಿನ ಕೊಟ್ಟಿಗೆಯಲ್ಲಿ ಸೊಪ್ಪು ಹಾಸುತ್ತೇವಲ್ಲ, ಈ ಆರಿಸುವ ಕೆಲಸವೇ ದೊಡ್ಡದು. ಹತ್ತಿರದಲ್ಲಿ ಯಾರದ್ದಾದರೂ ಗೋಬರ್ ಗ್ಯಾಸ್ ಚೆನ್ನಾಗಿ ಓಡುತ್ತಿದ್ದರೆ ಅವರ ಹೊರಬಾಯಿಯಿಂದ ಹತ್ತು ಡ್ರಮ್ ಬಗ್ಗಡ ತಂದು ಮೊದಲೇ ಸುರಿಯಿರಿ. ಹಾಲಿಗೆ ಮೊಸರು ಬಿಟ್ಟ ಹಾಗೆ ಬೇಗ ಕೂಡುತ್ತದೆ. ನಾವು ಪಿಕಪ್‌ನಲ್ಲಿ ತಂದೆವು. ದಾರಿಯುದ್ದಕ್ಕೂ ಚೆಲ್ಲಿಕೊಂಡು ಬಂದದ್ದಕ್ಕೆ ಊರವರು ಒಂದು ವಾರ ಬೈದರು.

ಮೊದಲು ಬರುವ ಗ್ಯಾಸಿನಲ್ಲಿ ಗಾಳಿ, ಡೈಆಕ್ಸೈಡ್ ಜಾಸ್ತಿ. ಒಂದೆರಡು ಸಲ ಬಯಲಿಗೆ ಬಿಟ್ಟುಬಿಡಿ. ಆಗ ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಮೀಥೇನ್ ಗಾಳಿಯಲ್ಲಿ ಶೇಕಡಾ 5ರಿಂದ 15 ಬೆರೆತಿದ್ದರೆ ಸಿಡಿಯುತ್ತದೆ. ಎರಡು ಮೂರು ವಾರಕ್ಕೆ ಒಲೆಯಲ್ಲಿ ನೀಲಿ ಉರಿ ನಿಲ್ಲಬೇಕು. ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ.

ಪಲ್ಪಿಂಗ್ ದಿನಗಳ ಊಟ

ಸಂಜೆ ಪಲ್ಪಿಂಗ್ ಮುಗಿದ ಮೇಲೆ ನೀರೆಲ್ಲ ತೊಟ್ಟಿಯ ಮೊದಲ ಭಾಗಕ್ಕೆ ಬರುತ್ತದೆ. ಆಗಲೇ ಸುಣ್ಣ ಹಾಕಬೇಡಿ. ರಾತ್ರಿ ಹಾಗೇ ಬಿಡಿ, ಹುಳಿಯಾಗಲಿ. ಹುಳಿಗೆ ಪೆಕ್ಟಿನ್ ಗಟ್ಟಿಯಾಗಿ ಮೇಲಕ್ಕೆ ತೇಲುತ್ತದೆ. ಬೆಳಿಗ್ಗೆ ನೋಡಿದರೆ ಕಾದ ಹಾಲಿನ ಕೆನೆಯಂತೆ ಒಂದು ಪದರ. ಅದನ್ನು ಜಾಲರಿ ಸೌಟಿನಲ್ಲಿ ತೆಗೆದು ಸಿಪ್ಪೆ ರಾಶಿಗೆ ಹಾಕಿ. ಇದನ್ನು ಬಿಟ್ಟರೆ ಗುಂಡಿಯೊಳಗೆ ಚಾಪೆಯಂತೆ ಕೂತು ಗ್ಯಾಸ್ ಏಳಲು ಬಿಡುವುದಿಲ್ಲ.

ಆಮೇಲೆ ಸುಣ್ಣ. ಅರಳಿದ ಸುಣ್ಣವನ್ನು ಮೊದಲೇ ನೀರಿನಲ್ಲಿ ನೆನೆಸಿ ಹಾಲು ಮಾಡಿಕೊಂಡಿರಿ. ಸುಟ್ಟ ಸುಣ್ಣದ ಗಟ್ಟಿ ನೇರ ಹಾಕಿದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಸ್ವಲ್ಪ ಸ್ವಲ್ಪ ಸುರಿದು, ಬಿದಿರು ಗಳದಲ್ಲಿ ಕದಡಿ, ಪಿಹೆಚ್ ಕಾಗದ ಅದ್ದಿ ನೋಡಿ. ಕಾಗದ 6.5 ಅಥವಾ 7 ತೋರಿಸಿದರೆ ನಿಲ್ಲಿಸಿ. ನಮ್ಮಲ್ಲಿ ಸಾವಿರ ಲೀಟರಿಗೆ ಒಂದರಿಂದ ಎರಡು ಕೆಜಿ ಹಿಡಿಯುತ್ತದೆ. ನಿಮ್ಮ ನೀರಿಗೆ ಬೇರೆ ಆದೀತು, ಹಾಗಾಗಿ ತಕ್ಕಡಿಗಿಂತ ಕಾಗದವನ್ನು ನಂಬಿ. ಪಿಹೆಚ್ ಕಾಗದದ ಸಣ್ಣ ಪುಸ್ತಕ ಲ್ಯಾಬ್ ಸಾಮಾನು ಮಾರುವಲ್ಲಿ ಸಿಗುತ್ತದೆ. ಬೆಲೆ ಏನೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ಅದರಷ್ಟು ಬೆಲೆ ಬಾಳುವ ವಸ್ತು ನಾನು ಕೊಂಡಿಲ್ಲ. ಸುಣ್ಣ ಹಾಕಿದ ನೀರು ತೊಟ್ಟಿಯ ಎರಡನೇ ಭಾಗಕ್ಕೆ ಹೋಗಿ, ಗಸಿ ಕೆಳಗೆ ಕೂತು, ತಿಳಿ ಮಾತ್ರ ಗುಂಡಿಗೆ.

ಮೊದಲ ವಾರ ದಿನಕ್ಕೆ 50 ಲೀಟರ್, ಸಗಣಿ ಕಲಸುವ ನೀರಿನ ಬದಲು. ಎರಡನೇ ವಾರ 150. ಆಮೇಲೆ 300. ಒಲೆಯ ಉರಿ ನೀಲಿಯಾಗಿಯೇ ಇದ್ದರೆ ಮಾತ್ರ 600ಕ್ಕೆ ಹೋಗಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಸಗಣಿ ಒಂದು ದಿನವೂ ತಪ್ಪಬಾರದು. ಮೊದಲ ಎರಡು ವಾರ ನೀರು ಮಿಗುತ್ತದೆ, ಅದಕ್ಕೆ ಏನು ಮಾಡುವುದು ಅಂತ ಕೇಳುತ್ತೀರಿ. ನಾವು ಸುಣ್ಣ ಹಾಕಿದ ಆ ನೀರನ್ನು ಸಿಪ್ಪೆ ರಾಶಿ ನೆನೆಸಲು ಬಳಸುತ್ತೇವೆ, ಉಳಿದದ್ದು ಬಾಳೆ ಸಾಲಿನ ಇಂಗುಗುಂಡಿಗೆ. ಹಳ್ಳಕ್ಕೆ ಮಾತ್ರ ಬಿಡುವುದಿಲ್ಲ.

ಉರಿಯ ಬಣ್ಣ ದಿನಾ ನೋಡಿ. ಹಳದಿಗೆ ತಿರುಗಿ ತೂರಾಡಿದರೆ ಪಲ್ಪಿಂಗ್ ನೀರು ನಿಲ್ಲಿಸಿ. ಹೊರಬಾಯಿಗೆ ಕಾಗದ ಅದ್ದಿ. 6.5ಕ್ಕಿಂತ ಕೆಳಗೆ ಇದ್ದರೆ ಮೂರು ನಾಲ್ಕು ದಿನ ಉಪವಾಸ, ಬರೀ ಸಗಣಿ. ಇಷ್ಟು ಬೇಗ ಹಿಡಿದರೆ ಸೋಡಾ ತನಕ ಹೋಗುವುದೇ ಬೇಡ. ಎರಡನೇ ವರ್ಷದಿಂದ ನಮಗೆ ಸೋಡಾ ಬೇಕಾಗಿಲ್ಲ.

ಒಲೆಗೆ ಎಷ್ಟು ಬಂತು

ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗಬಹುದು. ನಾವು ಒಮ್ಮೆ ನೀರು ಪರೀಕ್ಷೆ ಮಾಡಿಸಿದಾಗ ಲೀಟರಿಗೆ ಸುಮಾರು 10 ಗ್ರಾಂ ಸಿಒಡಿ ಬಂತು. ಸಿಒಡಿ ಅಂದರೆ ನೀರಿನಲ್ಲಿರುವ ಒಟ್ಟು ಊಟದ ಅಳತೆ ಅಂತಿಟ್ಟುಕೊಳ್ಳಿ. 1,500 ಲೀಟರಿನಲ್ಲಿ 15 ಕೆಜಿ. ಒಂದು ಕೆಜಿ ಸಿಒಡಿ ಪೂರ್ತಿ ಕರಗಿದರೆ 0.35 ಘನ ಮೀಟರ್ ಮೀಥೇನ್, ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಶೇಕಡಾ 70 ಕರಗಿತು ಅಂದರೆ ಮೀಥೇನ್ ಮೂರೂವರೆ ಘನ ಮೀಟರ್ ಚಿಲ್ಲರೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇಕಡಾ 60ರಷ್ಟು ಇರುವುದರಿಂದ ಒಟ್ಟು ಗ್ಯಾಸ್ 6 ಘನ ಮೀಟರ್. ಒಂದು ಘನ ಮೀಟರ್ ಸುಮಾರು 0.45 ಕೆಜಿ ಸಿಲಿಂಡರ್ ಗ್ಯಾಸಿಗೆ ಸಮ. ಹಾಗಾದರೆ ಐದು ಪಲ್ಪಿಂಗ್ ದಿನಗಳಿಗೆ 14.2 ಕೆಜಿಯ ಒಂದು ಸಿಲಿಂಡರ್.

ನಮ್ಮಲ್ಲಿ ಇಡೀ ಫಸಲಿಗೆ ಪಲ್ಪಿಂಗ್ ಹದಿನೈದು ದಿನ. ಮೂರು ಸಿಲಿಂಡರ್! ಅದೂ ಎಲ್ಲ ಸರಿ ಇದ್ದರೆ. ದುಡ್ಡಿಗಾಗಿ ಮಾಡುವುದಾದರೆ ಬೇಡವೇ ಬೇಡ. ಒಲೆಯ ಮುಖ್ಯ ಆದಾಯ ವರ್ಷಪೂರ್ತಿ ಬರುವ ಸಗಣಿಯದ್ದೇ. ಒಂದು ಕೆಜಿ ಸಗಣಿಗೆ 40 ಲೀಟರ್ ಗ್ಯಾಸ್ ಲೆಕ್ಕದಲ್ಲಿ ದಿನಕ್ಕೆ 1.8 ಘನ ಮೀಟರ್. ಐದು ಜನರ ಅಡುಗೆ ಸಾಗುತ್ತದೆ, ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ. ಆದರೆ ಕಾಫಿ ಕೊಯ್ಲಿನ ಹೊತ್ತಿಗೆ ಆಳುಗಳಿಗೆಲ್ಲ ತಿಂಡಿ, ಬಚ್ಚಲ ಹಂಡೆಗೆ ಬಿಸಿನೀರು, ಎಲ್ಲ ಖರ್ಚು ಜಾಸ್ತಿ. ಸರಿಯಾಗಿ ಆಗಲೇ ಪಲ್ಪಿಂಗ್ ನೀರಿನ ಗ್ಯಾಸ್ ಕೂಡಿ ಬರುತ್ತದೆ. ಹಂಡೆ ಒಲೆಗೆ ಸೌದೆ ಒಟ್ಟುವುದು ತಪ್ಪಿದ್ದು ನನಗೆ ಮೂರು ಸಿಲಿಂಡರಿಗಿಂತ ದೊಡ್ಡದು.

ಮಾಮೂಲು ಸಿಲಿಂಡರ್ ಒಲೆಯನ್ನು ಹಾಗೇ ಜೋಡಿಸಬೇಡಿ. ಗೋಬರ್ ಗ್ಯಾಸಿಗೆ ತೂತು ದೊಡ್ಡದು ಬೇಕು, ಅದಕ್ಕೆಂದೇ ಒಲೆ ಸಿಗುತ್ತದೆ. ಪೈಪಿನ ತಗ್ಗಿನಲ್ಲಿ ನೀರು ಇಳಿಸುವ ನಲ್ಲಿ ಇರಲಿ, ಚಳಿಗೆ ಒಳಗೆ ಹನಿ ಕಟ್ಟಿ ಉರಿ ಬಿಕ್ಕಳಿಸುತ್ತದೆ. ಕೊಳೆತ ಮೊಟ್ಟೆ ವಾಸನೆಯ ಗಂಧಕದ ಗ್ಯಾಸ್ ಒಲೆ ತಿನ್ನುತ್ತದೆ. ಅದಕ್ಕೆ ಲೇತ್ ಅಂಗಡಿಯಲ್ಲಿ ಬಿಸಾಡುವ ಕಬ್ಬಿಣದ ಸುರುಳಿ ಚೂರು ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ದಪ್ಪ ಪೈಪಿನಲ್ಲಿ ತುಂಬಿ ಗ್ಯಾಸ್ ಹಾಯಿಸುತ್ತೇವೆ. ತುಕ್ಕು ಗಂಧಕ ಹಿಡಿದುಕೊಳ್ಳುತ್ತದೆ. ಚೂರು ಕಪ್ಪಾದ ಮೇಲೆ ಹೊರಗೆ ತೆಗೆದು ತೆಳ್ಳಗೆ ಹರಡಿ, ಗಾಳಿಗೆ ಅದು ಬಿಸಿಯಾಗುತ್ತದೆ, ಹುಲ್ಲಿನ ಪಕ್ಕ ಗುಡ್ಡೆ ಹಾಕಬೇಡಿ.

ಗುಂಡಿಯೊಳಗೆ ಯಾರೂ ಇಳಿಯಬಾರದು. ಖಾಲಿ ಕಂಡರೂ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಗಂಧಕದ ಗ್ಯಾಸ್ ಜಾಸ್ತಿಯಾದರೆ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಇಳಿದವನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುವುದು ಇಂಥ ಗುಂಡಿಗಳಲ್ಲೇ. ಇದೊಂದನ್ನು ಮನೆಯ ಮಕ್ಕಳಿಗೂ ಆಳುಗಳಿಗೂ ಬಿಡಿಸಿ ಹೇಳಿ.

ಹೊರಗೆ ಬಂದದ್ದು

ಹೊರಬಾಯಿಯಿಂದ ಬರುವ ಬಗ್ಗಡ ಇನ್ನೂ ಕಂದು ಬಣ್ಣವೇ. ಅದನ್ನು ನೋಡಿ ಏನೂ ಆಗಿಲ್ಲ ಅಂತ ನಮ್ಮನೆಯವರು ಸಿಡುಕಿದ್ದರು. ಸಕ್ಕರೆ ಹೋಗಿರುತ್ತದೆ, ಬಣ್ಣ ಹೋಗುವುದಿಲ್ಲ. ವಾಸನೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಹಸಿ ಸಗಣಿಗಿಂತ ಸೌಮ್ಯ. ಹಾಗಂತ ಹಳ್ಳಕ್ಕೆ ಬಿಡುವಷ್ಟು ಶುದ್ಧವಾಗಿಲ್ಲ. ಪೂರ್ತಿ ತೋಟಕ್ಕೇ ಹೋಗಬೇಕು.

ಸಾರಜನಕ, ಪೊಟ್ಯಾಶ್ ಎಲ್ಲ ಇದರಲ್ಲೇ ಉಳಿದಿರುತ್ತವೆ, ಗ್ಯಾಸಾಗಿ ಹೋಗುವುದು ಇಂಗಾಲದ ಭಾಗ. ನಾವು ಸಮ ನೀರು ಬೆರೆಸಿ ಅಡಿಕೆ, ಬಾಳೆ, ಕಾಳುಮೆಣಸಿನ ಬಳ್ಳಿಗೆ ಕೊಡುತ್ತೇವೆ. ಮೆಣಸಿನ ಬುಡಕ್ಕೆ ತಾಗಿಸಬೇಡಿ, ಎರಡು ಅಡಿ ದೂರ ಸುತ್ತ ಹಾಕಿ, ಬುಡ ತೇವ ಕೂತರೆ ಸೊರಗು ರೋಗಕ್ಕೆ ದಾರಿ. ಒಂದೇ ಸಾಲಿಗೆ ದಿನಾ ಸುರಿದರೆ ಮಣ್ಣು ಗಟ್ಟುತ್ತದೆ, ಸಾಲು ಬದಲಿಸುತ್ತಾ ಹೋಗಿ. ರೊಬಸ್ಟಾ ಗಿಡಕ್ಕೆ ಮಾತ್ರ ಜನವರಿಯಲ್ಲಿ ಹನಿ ಕೂಡ ಕೊಡುವುದಿಲ್ಲ. ಹೂಮಳೆಗೆ ಮುಂಚೆ ಅರೆಬರೆ ನೀರು ಕಂಡರೆ ಹೂ ಎಡವಟ್ಟಾಗುತ್ತದೆ ಅನ್ನುವ ಹೆದರಿಕೆ ನಮಗೆ.

ದೊಡ್ಡ ತೋಟಗಳಿಗೆ ಕಾಫಿ ಮಂಡಳಿಯವರು ಹೇಳುವ ಕ್ರಮ ಹೊಂಡಗಳದ್ದು. ಸುಣ್ಣದಲ್ಲಿ ಹುಳಿ ಮುರಿದು, ಗಾಳಿಯಾಡದ ಆಳದ ಹೊಂಡ, ಆಮೇಲೆ ಗಾಳಿಯಾಡುವ ಹೊಂಡ. ನೀರು ಶುದ್ಧವಾಗುತ್ತದೆ. ಆದರೆ ತೆರೆದ ಹೊಂಡದ ಮೀಥೇನ್ ಆಕಾಶಕ್ಕೆ ಹೋಗುತ್ತದೆ, ಭೂಮಿ ಬಿಸಿ ಮಾಡುವುದರಲ್ಲಿ ಅದು ನೂರು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ನೆದರ್ಲೆಂಡ್ಸ್‌ನ ಗಾಟ್ಸೆ ಲೆಟ್ಟಿಂಗಾ 1970ರ ದಶಕದಲ್ಲಿ ಕಂಡುಹಿಡಿದ ಯುಎಎಸ್‌ಬಿ ಅನ್ನುವ ಎತ್ತರದ ತೊಟ್ಟಿಯೂ ಇದೆ. ಅದರಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಜೀವಿಗಳು ಸಾಸಿವೆಯಂತೆ ಕಾಳು ಕಟ್ಟಿಕೊಂಡು ತಳದಲ್ಲೇ ನಿಲ್ಲುತ್ತವೆ, ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಕಾರ್ಖಾನೆಗಳಿಗೆ ಸರಿ. ವರ್ಷದಲ್ಲಿ ಹದಿನೈದು ದಿನ ಪಲ್ಪಿಂಗ್ ಮಾಡುವ ನಮಗೆ ಅದನ್ನು ಸಾಕುವುದು ಆನೆ ಸಾಕಿದ ಹಾಗೆ.

ಫಸಲು ಮುಗಿದು ಪಲ್ಪಿಂಗ್ ನಿಂತಾಗಲೂ ಗುಂಡಿಗೆ ನೀರು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಕೊನೇ ತೊಟ್ಟಿಯ ನೀರನ್ನು ಎರಡು ವಾರಕ್ಕೆ ಹಂಚಿ ಕಮ್ಮಿ ಮಾಡುತ್ತಾ ಬನ್ನಿ. ಕಾಯುವ ತೊಟ್ಟಿಯ ತಳದ ಸುಣ್ಣದ ಗಸಿ ಕೆರೆದು ಒಣಗಿಸಿ, ಏಪ್ರಿಲ್‌ನಲ್ಲಿ ಸಿಪ್ಪೆ ಗೊಬ್ಬರಕ್ಕೆ ಸೇರಿಸಿ. ಮೇ ಕೊನೆಗೆ ಒಳಬಾಯಿ, ಹೊರಬಾಯಿ ಎರಡರ ಮೇಲೂ ಶೀಟ್ ಹೊದಿಸಿ ಕಲ್ಲು ಹೇರಿ. ನಮ್ಮ ಮಳೆ ಒಂದು ರಾತ್ರಿಯಲ್ಲಿ ಗುಂಡಿ ತುಂಬಿಸಿ ಹೆಪ್ಪನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಕಲ್ಲು ಎರಡು ಸಾಲದು, ನಾಲ್ಕು ಇಡಿ. ಹೋದ ವರ್ಷ ಎರಡು ಇಟ್ಟು, ಶೀಟ್ ಕೆಳಗಿನ ಅಣ್ಣನ ಗದ್ದೆಯಲ್ಲಿ ಸಿಕ್ಕಿತು.